ಬಣ್ಣಗಳೊಳಗಿನ ಸೂರ್ಯ

ಸೂರ್ಯನ ಚಿತ್ರ ಬರೆಯಿರೆಂದರೆ ನಾವು ಒಂದು ವೃತ್ತವನ್ನೆಳೆದು, ಸುತ್ತಲೂ ಕಿರಣಗಳನ್ನಿಟ್ಟು, ಹಳದಿ ಬಣ್ಣ ತುಂಬುತ್ತೇವೆ. ಆದರೆ ಫ್ರಾನ್ಸಿನ ಚಿತ್ರಕಾರ ರಾಬರ್ಟ್ ದೆಲೊನೆ (1885–1941) 1912-13ರಲ್ಲಿ ಬರೆದ ಸೂರ್ಯನ ಚಿತ್ರಗಳಲ್ಲಿ ಕಿರಣಗಳಿಲ್ಲ, ಬೆಟ್ಟವಿಲ್ಲ. ಒಂದರೊಳಗೊಂದು ಸುತ್ತಿಕೊಂಡ ವರ್ತುಲಗಳು; ಅವುಗಳ ತುಂಡುತುಂಡುಗಳಲ್ಲಿ ಕೆಂಪು, ಹಸಿರು, ನೀಲಿ, ಕಿತ್ತಳೆ. ಸೂರ್ಯಚಂದ್ರರ ಹೆಸರು ಹೊತ್ತ ಇಂತಹ ದುಂಡನೆಯ ಚಿತ್ರವೊಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಇಂಥ ಚಿತ್ರವನ್ನು ಕಂಡವರು, "ಇದರಲ್ಲಿ ಸೂರ್ಯನೆಲ್ಲಿ? ಇಷ್ಟನ್ನು ನಾವೂ ಬರೆಯಬಲ್ಲೆವು" ಎನ್ನುವುದುಂಟು. ಹಾಗೆಂದು ನಕ್ಕು ಮುಂದೆ ಸಾಗಿದರೆ ನಷ್ಟ ನಮ್ಮದೇ.

ಈ ಪ್ರಶ್ನೆಗೆ ಉತ್ತರವನ್ನು ಒಂದು ನೇಯ್ಗೆಯ ಕಾರ್ಖಾನೆಯಿಂದ ಆರಂಭಿಸೋಣ. ಪ್ಯಾರಿಸಿನ ಗೋಬೆಲಿನ್ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗವು ರಸಾಯನಶಾಸ್ತ್ರಜ್ಞ ಷೆವ್ರೆಲನ ಮೇಲ್ವಿಚಾರಣೆಯಲ್ಲಿತ್ತು. ಅಲ್ಲಿಯ ಕಪ್ಪು ಬಣ್ಣ ಮಂಕಾಗಿದೆಯೆಂದು ದೂರು ಬಂದಿತು. ಪರೀಕ್ಷಿಸಲಾಗಿ, ಬಣ್ಣದಲ್ಲಿ ದೋಷವಿರಲಿಲ್ಲ. ಮಗ್ಗುಲಿನ ನೀಲಿ, ನೇರಳೆ ಎಳೆಗಳ ದೆಸೆಯಿಂದ ಕಪ್ಪು ಕಳೆಗುಂದಿದಂತೆ ತೋರುತ್ತಿತ್ತು. ನೆರೆಯ ಬಣ್ಣದಿಂದ ಬಣ್ಣವು ಬೇರೆಯಾಗಿ ಕಾಣುವ ಈ ನಿಯಮವನ್ನು ಆತನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಒಂದೇ ಬೂದು ಕಾಗದದಿಂದ ಎರಡು ಚೂರುಗಳನ್ನು ಕತ್ತರಿಸಿ, ಒಂದನ್ನು ಕೆಂಪು ಹಾಳೆಯ ಮೇಲೂ ಇನ್ನೊಂದನ್ನು ಹಸಿರು ಹಾಳೆಯ ಮೇಲೂ ಇಡಿರಿ. ಮೊದಲನೆಯದರಲ್ಲಿ ಹಸಿರಿನ ಛಾಯೆಯೂ ಎರಡನೆಯದರಲ್ಲಿ ಕೆಂಪಿನ ಛಾಯೆಯೂ ಸುಳಿದಂತಾಗುವುದು.

ದೆಲೊನೆಗೆ ಈ ನಿಯಮವೇ ಆಧಾರವಾಯಿತು. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆಯೆಂಬುದನ್ನು ಕಾಮನಬಿಲ್ಲಿನಲ್ಲಿ ನಾವು ಕಾಣುತ್ತೇವೆ. ಆ ಬಣ್ಣಗಳನ್ನು ಆತನು ಎದುರುಬದುರಾಗಿ ನಿಲ್ಲಿಸಿದನು. ಅವು ಒಂದನ್ನೊಂದು ಬೆಳಗಿಸುತ್ತ, ತಗ್ಗಿಸುತ್ತ ಇರುವುದರಿಂದ ನೋಡುವ ಕಣ್ಣು ಒಂದೆಡೆ ನಿಲ್ಲಲಾರದು. ವರ್ತುಲಗಳು ತಿರುಗುವಂತೆ ಭಾಸವಾಗುತ್ತದೆ. ಬೆಳಕಿನ ಈ ಚಲನೆಯೇ ಆತನ ಸೂರ್ಯ.

ಎಲ್ಲ ಅಮೂರ್ತ ಚಿತ್ರಗಳಲ್ಲಿಯೂ ಸೂರ್ಯನಿಗೆ ಇದೇ ಅರ್ಥವೆಂದು ತಿಳಿಯಬಾರದು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು 1950ರಲ್ಲಿ ಫ್ರಾನ್ಸಿಗೆ ತೆರಳಿದ ಸೈಯದ್ ಹೈದರ್ ರಝಾ (1922–2016) ಅವರ ಚಿತ್ರಗಳಲ್ಲಿ ಸೂರ್ಯನು ಕಪ್ಪು ವೃತ್ತವಾಗಿ ಮೂಡಿದನು. ಮುಂದೆ ಅಂತಹ ವೃತ್ತವನ್ನೇ ಅವರು ಬಿಂದುವೆಂದು ಕರೆದು, ಸೃಷ್ಟಿಯ ಬೀಜವೆಂದು ಭಾವಿಸಿದರು. ಅಲ್ಲಿ ಉರಿಯಿಲ್ಲ, ಮೊಳಕೆಗೆ ಮುನ್ನಿನ ಮೌನವಿದೆ.

ಆದುದರಿಂದ ಇಂತಹ ಚಿತ್ರದ ಮುಂದೆ ನಿಂತಾಗ, ಇದು ಯಾವುದರಂತಿದೆ ಎಂದು ಕೇಳುವುದರ ಜೊತೆಗೆ, ಇಲ್ಲಿ ಬಣ್ಣಗಳು ಪರಸ್ಪರ ಏನು ಮಾಡುತ್ತಿವೆ ಎಂದೂ ಕೇಳೋಣ. ಎರಡು ನಿಮಿಷ ನಿಂತು ನೋಡುವ ತಾಳ್ಮೆಯಿದ್ದರೆ ಉತ್ತರವು ಕಣ್ಣಿಗೇ ಗೋಚರಿಸುವುದು.