ಕೋಡ್ ಬರೆಯುವವನ ಕಾನೂನು ಓದು

ಎಂಟೆಕ್ ಮುಗಿಸಿ ಹನ್ನೊಂದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನು ಕಾನೂನು ಓದುತ್ತಿದ್ದಾನೆ ಎಂದರೆ ಪುಣೆಯ ಗೆಳೆಯರು ಮೊದಲು ಕೇಳುವುದು, 'ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ?' ಎಂದು. ಗದಗಿನ ಕಡೆಯ ನಮ್ಮೂರಿನಿಂದ ಅಪ್ಪ ಫೋನಿನಲ್ಲಿ ಕೇಳಿದ್ದು, 'ಹೊಲದ್ದೇನರ ತಕರಾರು ಬಂತೇನು?' ಎಂದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ಕಷ್ಟ ಬರದೆ ಯಾರಾದರೂ ಕಾನೂನಿನ ಪುಸ್ತಕ ಮುಟ್ಟುತ್ತಾರೆ ಎಂದರೆ ನಂಬುವುದು ಕಷ್ಟ.

ನನಗೆ ಈ ಹುಚ್ಚು ಹತ್ತಿದ್ದು ಆಫೀಸಿನಲ್ಲೇ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಬಂದಾಗ, ಗ್ರಾಹಕರ 'ಒಪ್ಪಿಗೆ' ಪಡೆಯುವ ಪರದೆಯನ್ನು ಹೇಗೆ ಕಟ್ಟಬೇಕೆಂದು ನಮ್ಮ ತಂಡ ಚರ್ಚೆಗೆ ಕೂತಿತ್ತು. ಕಾಯ್ದೆಯನ್ನೇ ಓದೋಣವೆಂದು ಪಿಡಿಎಫ್ ಇಳಿಸಿಕೊಂಡೆ. ರಾತ್ರಿ ಎರಡು ಗಂಟೆಯಾದರೂ ಮುಚ್ಚಲಿಲ್ಲ.

ಎಲ್ಎಲ್‌ಬಿ ಸೇರಬೇಕೆಂಬುದು ಮೊದಲ ಆಸೆ. ಪದವೀಧರರಿಗೆ ಮೂರು ವರ್ಷದ ಕೋರ್ಸು; ಮಹಾರಾಷ್ಟ್ರದಲ್ಲಾದರೆ ಸಿಇಟಿ ಬರೆಯಬೇಕು. 1924ರಲ್ಲಿ ಶುರುವಾದ ಐಎಲ್ಎಸ್ ಕಾಲೇಜು ಇರುವ ಲಾ ಕಾಲೇಜ್ ರಸ್ತೆಯಲ್ಲಿ ವಾರಕ್ಕೆರಡು ಸಲ ಓಡಾಡುವವನಿಗೆ ಆಸೆ ಹುಟ್ಟದಿದ್ದರೆ ಹೇಗೆ? ಆದರೆ ನಿಯಮ ಓದಿದಾಗ ಉತ್ಸಾಹ ಇಳಿಯಿತು. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ತರಗತಿಗಳು ನಡೆಯಬೇಕಾದದ್ದು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ. ಹಾಜರಾತಿ ಶೇ 70 ಬೇಕು. ಅಂಚೆ ಮೂಲಕ ಪಡೆದ ಕಾನೂನು ಪದವಿ ಇಟ್ಟುಕೊಂಡು ವಕೀಲರಾಗಿ ನೋಂದಾಯಿಸಿಕೊಳ್ಳಲು ಆಗುವುದಿಲ್ಲ. ಹೇಗೋ ಪದವಿ ಪಡೆದರೂ, ಪೂರ್ಣಾವಧಿ ಸಂಬಳದ ನೌಕರಿ ಮಾಡುತ್ತ ವಕೀಲಿಕೆ ಮಾಡುವಂತಿಲ್ಲ. 'ಹಾಜರಿ ಬೇಕಿಲ್ಲ, ಫೀಸು ಕಟ್ಟಿದರೆ ಸಾಕು' ಎನ್ನುವ ಏಜೆಂಟರ ಫೋನುಗಳು ನನಗೂ ಬಂದವು. ಮನೆ ಸಾಲದ ಕಂತು ಇರುವವನಿಗೆ ಅದೊಂದು ಸುಲಭದ ದಾರಿಯಂತೆ ಕಾಣುತ್ತದೆ. ಕಾನೂನು ಕಲಿಯುವುದನ್ನು ಕಾನೂನು ಮುರಿದೇ ಶುರು ಮಾಡುವುದು ನನಗೇಕೋ ಒಗ್ಗಲಿಲ್ಲ.

ಕೊನೆಗೆ ಆರಿಸಿಕೊಂಡದ್ದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪ್ಯಾರಾಲೀಗಲ್ ಡಿಪ್ಲೊಮಾ. ಪಿಯುಸಿ ಪಾಸಾದವರೂ ಸೇರಬಹುದಾದ ಕೋರ್ಸಿಗೆ ಎಂಟೆಕ್ ಮಾಡಿದವನು ಸೇರಿದ್ದು ನೋಡಿ ಹೆಂಡತಿ ನಕ್ಕಳು. ನಗಲಿ. ಕಾನೂನು ವ್ಯವಸ್ಥೆಯ ಪರಿಚಯ, ದುರ್ಬಲ ವರ್ಗಗಳಿಗೆ ಇರುವ ರಕ್ಷಣೆ, ಗ್ರಾಮೀಣ ಸ್ಥಳೀಯ ಆಡಳಿತ ಎಲ್ಲವೂ ಅದರಲ್ಲಿವೆ. ಒಂದು ಮಾತು ಸ್ಪಷ್ಟವಾಗಿರಲಿ: ನಮ್ಮ ದೇಶದಲ್ಲಿ ಪ್ಯಾರಾಲೀಗಲ್ ಎಂಬುದು ವಕೀಲಿಕೆಯ ಚಿಕ್ಕ ಲೈಸೆನ್ಸ್ ಅಲ್ಲ. 1961ರ ವಕೀಲರ ಕಾಯ್ದೆಯಂತೆ ವಕೀಲಿಕೆ ಮಾಡುವ ಹಕ್ಕು ವಕೀಲರದ್ದೇ. ನಾನು ಅರ್ಜಿ ಬರೆಯಲು ನೆರವಾಗಬಹುದು, ಕಾಗದ ಜೋಡಿಸಬಹುದು, ಸರಿಯಾದ ಬಾಗಿಲು ಯಾವುದೆಂದು ತೋರಿಸಬಹುದು.

ಓದಲು ಕೂತರೆ ಮೊದಮೊದಲು ಎಲ್ಲವೂ ಪ್ರೋಗ್ರಾಮಿನಂತೆಯೇ ಕಂಡಿತು. ಒಂದು ಸೆಕ್ಷನ್, ಅದಕ್ಕೊಂದು ಪರಂತುಕ, ಪರಂತುಕಕ್ಕೊಂದು ವಿವರಣೆ. 'ಬೇರೆಡೆ ಏನೇ ಹೇಳಿದ್ದರೂ' ಎಂದು ಶುರುವಾದರೆ ಹಿಂದಿನದ್ದೆಲ್ಲ ಬದಿಗೆ. ಆಮೇಲೆ ತಿಳಿದದ್ದು, ಪ್ರೋಗ್ರಾಮಿನಲ್ಲಿ ಇಲ್ಲದ ಒಂದು ವಸ್ತು ಇಲ್ಲಿದೆ: 'ಸಮಂಜಸ'. ಸಮಂಜಸ ಕಾಲ, ಸಮಂಜಸ ಕಾರಣ. ಎಷ್ಟು ದಿನವಾದರೆ ಸಮಂಜಸ ಎಂದು ಹೇಳಲು ಮನುಷ್ಯನೇ ಬೇಕು.

2024ರ ಜುಲೈ 1ರಂದು ಹಳೆಯ ಅಪರಾಧ ಕಾನೂನುಗಳು ಹೋಗಿ ಹೊಸವು ಬಂದವು. 511 ಸೆಕ್ಷನ್‌ಗಳಿದ್ದ ದಂಡ ಸಂಹಿತೆಯ ಜಾಗದಲ್ಲಿ 358 ಸೆಕ್ಷನ್‌ಗಳ ಭಾರತೀಯ ನ್ಯಾಯ ಸಂಹಿತೆ. ನಮ್ಮೂರಿನಲ್ಲಿ ಮೋಸಗಾರನಿಗೆ ಇವತ್ತಿಗೂ 'ಫೋರ್ ಟ್ವೆಂಟಿ' ಎನ್ನುತ್ತಾರೆ. ಪುಸ್ತಕದಲ್ಲಿ ಅವನೀಗ 318(4). ಬೈಗುಳ ಬದಲಾಗಲು ಇನ್ನೂ ನೂರು ವರ್ಷ ಬೇಕೇನೋ.

ನನ್ನ ಕಸುಬಿಗೂ ಈ ಓದಿಗೂ ಗಂಟು ಬಿದ್ದದ್ದು ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿ. ಮೊಬೈಲ್, ಕಂಪ್ಯೂಟರಿನ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು ಎಂಬುದು ಹಳೆಯ 65ಬಿಯಲ್ಲೂ ಇತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅದು ಕಡ್ಡಾಯವೆಂದು ಹೇಳಿತ್ತು. ಈಗಿನ ನಮೂನೆಯಲ್ಲಿ ಎರಡು ಭಾಗ: ಒಂದನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಮತ್ತು ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಂದು ಅಕ್ಷರ ತಿದ್ದಿದರೂ ಬದಲಾಗುತ್ತದೆ. ನಾನು ದಿನಾ ಬಳಸುವ ಎಸ್ಎಚ್ಎ 256 ಎಂಬ ಹೆಸರನ್ನು ಕಾಯ್ದೆಯ ಅನುಸೂಚಿಯಲ್ಲಿ ಕಂಡಾಗ, ಪರವೂರಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನವನು ಸಿಕ್ಕಷ್ಟು ಖುಷಿಯಾಯಿತು.

ಆ ಸೆಕ್ಷನ್ ಓದಿದ ತಿಂಗಳಲ್ಲೇ, ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡದಲ್ಲಿ ಕೆಲಸಕ್ಕಿದ್ದ ಯಾದಗಿರಿ ಕಡೆಯ ಗಂಡ ಹೆಂಡತಿ ಗೇಟಿನ ಬಳಿ ಸಿಕ್ಕರು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ನಿಂತಿದ್ದರು. 'ಸರ, ಎರಡು ತಿಂಗಳ ಪಗಾರ ಕೊಡವಲ್ಲ ನೋಡ್ರಿ. ಕೇಳಿದ್ರ ಮುಂದಿನ ವಾರ ಅಂತಾನ' ಎಂದಳು ಆಕೆ. ಇಬ್ಬರದೂ ಸೇರಿ 58 ಸಾವಿರ. ಊರಿನಲ್ಲಿ ಅತ್ತೆಯ ಹತ್ತಿರ ಬಿಟ್ಟುಬಂದ ಇಬ್ಬರು ಮಕ್ಕಳ ಶಾಲೆ ಶುರುವಾಗುವುದರಲ್ಲಿತ್ತು. ಕರಾರು ಪತ್ರವಿಲ್ಲ, ಹಾಜರಿ ಪುಸ್ತಕ ಗುತ್ತಿಗೆದಾರನ ಬಳಿ. ಇದ್ದದ್ದು ಗಂಡನ ಫೋನಿನಲ್ಲಿ ಅವನ ಹದಿನಾಲ್ಕು ವಾಯ್ಸ್ ಮೆಸೇಜುಗಳು. ಎಲ್ಲದರಲ್ಲೂ ಒಂದೇ ಮಾತು: ಕೊಡುತ್ತೇನೆ, ತಡಿ.

'ಕೊಡುತ್ತೇನೆ' ಎಂದರೆ ಕೊಡಬೇಕಿದೆ ಎಂದು ಒಪ್ಪಿಕೊಂಡ ಹಾಗೆ. ಫೋನ್ ಮಾರಬೇಡಿ, ಒಂದೂ ಮೆಸೇಜ್ ಅಳಿಸಬೇಡಿ ಎಂದು ಹೇಳಿ, ಪ್ರತಿ ಮಾಡಿ ಹ್ಯಾಶ್ ಬರೆದಿಟ್ಟೆ. ಮುಂದಿನ ಬಾಗಿಲು ಶಿವಾಜಿನಗರದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯಾದರೆ ಆದಾಯದ ಪ್ರಶ್ನೆಯೇ ಇಲ್ಲ. ಹಾಗಾಗಿ ಅರ್ಜಿ ಹೆಂಡತಿಯ ಹೆಸರಿನಲ್ಲೇ ಹೋಯಿತು. ಆಕೆಗೆ ಮರಾಠಿ ಅಷ್ಟಕ್ಕಷ್ಟೇ, ಅಲ್ಲಿನವರಿಗೆ ಕನ್ನಡ ಬಾರದು. ಆ ದಿನ ನನ್ನ ಡಿಪ್ಲೊಮಾಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನಾನು ಎರಡೂ ಭಾಷೆ ಬಲ್ಲವನು ಎಂಬುದು. ಇಂಥ ಕೆಲಸಕ್ಕೆಂದೇ ಪ್ರಾಧಿಕಾರಗಳು ಪ್ಯಾರಾಲೀಗಲ್ ಸ್ವಯಂಸೇವಕರಿಗೆ ತರಬೇತಿ ಕೊಡುತ್ತವೆ. ಅದಕ್ಕೆ ಕಾನೂನು ಪದವಿ ಬೇಕಿಲ್ಲ. ಪರವೂರಿನ ಕನ್ನಡಿಗರು ನಾಲ್ಕು ಜನ ಸೇರಿದರೂ ಸಾಕಷ್ಟು ಕೆಲಸವಾದೀತು. ರಾಜ್ಯೋತ್ಸವಕ್ಕೆ ಊಟ ಹಾಕುವುದು ಒಳ್ಳೆಯದೇ, ಆದರೆ ನಮ್ಮ ಸಂಘಗಳು ಇದನ್ನೂ ಯೋಚಿಸಬಾರದೇಕೆ?

ಪ್ರಾಧಿಕಾರದಿಂದ ನೋಟಿಸ್ ಹೋದ ಮೇಲೆ ಗುತ್ತಿಗೆದಾರ ಬಂದ. ಮೊದಲು 'ಇವರ್ಯಾರೋ ನನಗೆ ಗೊತ್ತಿಲ್ಲ' ಎಂದ. ವಕೀಲೆ ಒಂದು ವಾಯ್ಸ್ ಮೆಸೇಜ್ ಕೇಳಿಸಿದರು. ಪ್ರಮಾಣಪತ್ರ, ಹ್ಯಾಶ್ ಯಾವುದರ ಅಗತ್ಯವೂ ಬೀಳಲಿಲ್ಲ. ತನ್ನ ದನಿ ತಾನೇ ಕೇಳಿ ಸುಮ್ಮನಾದ. ಲೋಕ ಅದಾಲತ್‌ನಲ್ಲಿ 50 ಸಾವಿರಕ್ಕೆ ರಾಜಿಯಾಯಿತು, ಎರಡು ಕಂತು. ಎಂಟು ಸಾವಿರ ಬಿಟ್ಟದ್ದು ನನಗೆ ಸಮಾಧಾನವಿರಲಿಲ್ಲ. ಆಕೆ ಮಾತ್ರ, 'ಸಾಕ್ರೀ ಸರ, ತಾರೀಖಿಗೊಮ್ಮೆ ಕೆಲಸ ಬಿಟ್ಟು ಬಂದ್ರ ಅದಕ್ಕೂ ಹೆಚ್ಚು ಹೋಗ್ತದ' ಎಂದಳು. ಲೆಕ್ಕ ಅವಳದ್ದೇ ಸರಿ.

ಮೊದಲ ಕಂತಿನ 25 ಸಾವಿರ ಬಂದಿದೆ. ಎರಡನೆಯದಕ್ಕೆ ಇನ್ನೂ ಹತ್ತು ದಿನವಿದೆ. ಅದಾಲತ್‌ನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಹಣ ಬರದಿದ್ದರೆ ವಸೂಲಿಗೆ ಅರ್ಜಿ ಹಾಕಬಹುದು. ಅದಕ್ಕೆ ಬೇಕಾದ ಕಾಗದಗಳನ್ನು ಒಂದು ಫೈಲಿನಲ್ಲಿ ಹಾಕಿ, ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಬರೆದು ಆಕೆಯ ಕೈಗೆ ಕೊಟ್ಟಿದ್ದೇನೆ.