ಸೂಪರ್ ಹೀರೋಗಳು ಕಣ್ಣೀರು ತರಿಸಬಲ್ಲರೇ?

ಕಡಿಯಾಳಿ: ಉಡುಪಿಯ ಕಲ್ಸಂಕದಿಂದ ಮಣಿಪಾಲದ ಕಡೆಗೆ ಹೊರಟವರಿಗೆ ಮೊದಲು ಸಿಗುವುದು ಕಡಿಯಾಳಿ. ಹೆದ್ದಾರಿಯ ಪಕ್ಕದಲ್ಲೇ ಶ್ರೀ ಮಹಿಷಮರ್ದಿನಿಯ ಪ್ರಾಚೀನ ಸನ್ನಿಧಿಯಿದೆ. ಅದೇ ರಸ್ತೆಯಲ್ಲಿ ಕುಂಜಿಬೆಟ್ಟು, ಇಂದ್ರಾಳಿ ದಾಟಿ ಏರು ಹತ್ತಿದರೆ ಮಣಿಪಾಲದ ಮಲ್ಟಿಪ್ಲೆಕ್ಸ್‌ಗಳು. ಹಾಲಿವುಡ್‌ನ ಹೊಸ ಸೂಪರ್ ಹೀರೋ ಚಿತ್ರ ತೆರೆ ಕಂಡ ದಿನ ಅಲ್ಲಿ ಸೇರುವ ಯುವಜನರಲ್ಲಿ ಅನೇಕರು ನವರಾತ್ರಿಯಲ್ಲಿ ಈ ದೇವಿಗೆ ಕೈಮುಗಿದವರು, ಊರ ಗದ್ದೆಯಲ್ಲಿ ನಡೆದ ‘ಶ್ರೀ ದೇವಿ ಮಹಾತ್ಮೆ’ ಯಕ್ಷಗಾನವನ್ನು ನಿದ್ದೆಗೆಟ್ಟು ನೋಡಿದವರು. ಅತಿಮಾನುಷ ಶಕ್ತಿಯ ಕಥೆ ಇವರಿಗೆ ಅಮೆರಿಕದಿಂದ ಬರಬೇಕಾದ ಸರಕಲ್ಲ.

ಆದುದರಿಂದಲೇ ಒಂದು ಪ್ರಶ್ನೆಯನ್ನು ಈ ಊರಿನಲ್ಲಿ ನಿಂತು ಕೇಳಬಹುದಾಗಿದೆ. ಕೋಟಿಗಟ್ಟಲೆ ಡಾಲರ್ ಸುರಿದು ತಯಾರಾಗುವ ಈ ಚಿತ್ರಗಳು ಪ್ರೇಕ್ಷಕನ ಕಣ್ಣನ್ನು ತುಂಬಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಮನಸ್ಸನ್ನು ತಟ್ಟುತ್ತವೆಯೇ? ಕೆಲವು ಚಿತ್ರಗಳು ಚಿತ್ರಮಂದಿರವನ್ನೇ ಅಳಿಸಿದ್ದೂ, ಬಹಳಷ್ಟು ಚಿತ್ರಗಳು ಹೊರಬಾಗಿಲು ದಾಟುವಷ್ಟರಲ್ಲಿ ಮರೆತುಹೋಗಿದ್ದೂ ಏಕೆ?

ಶಕ್ತಿ ಹುಟ್ಟಿಸುವುದು ವಿಸ್ಮಯವನ್ನು

ಉತ್ತರದ ಮೊದಲ ಭಾಗ ಮಹಿಷಾಸುರನ ಪ್ರವೇಶದಲ್ಲೇ ಇದೆ. ಕಟೀಲು ಮೇಳಗಳ ‘ದೇವಿ ಮಹಾತ್ಮೆ’ ಹರಕೆ ಆಟ ನೋಡಿದವರಿಗೆ ಆ ಕ್ಷಣದ ಪರಿಚಯವಿದೆ. ರಂಗಸ್ಥಳದ ಹಿಂದಿನಿಂದಲ್ಲ, ಜನರ ನಡುವಿನಿಂದಲೇ ದೊಂದಿಗಳ ಬೆಳಕಿನಲ್ಲಿ, ಚೆಂಡೆಯ ಅಬ್ಬರದೊಂದಿಗೆ ಕೋಡುಗಳ ಮಹಿಷ ಬರುತ್ತಾನೆ. ಮಲಗಿದ್ದ ಮಕ್ಕಳು ಎದ್ದು ಕುಳಿತುಕೊಳ್ಳುತ್ತಾರೆ. ಬೆಳಗಿನ ಜಾವಕ್ಕೆ ದೇವಿ ಅವನನ್ನು ವಧಿಸಿದಾಗ ಸಭೆ ಭಕ್ತಿಯಿಂದ ಕೈಮುಗಿಯುತ್ತದೆ. ಆದರೆ ದೇವಿಗಾಗಿ ಯಾರೂ ಅಳುವುದಿಲ್ಲ. ಅಳುವ ಪ್ರಮೇಯವೇ ಇಲ್ಲ, ಆಕೆ ಸೋಲುವವಳಲ್ಲ. ಆ ಪ್ರಸಂಗದಲ್ಲಿ ಮನುಷ್ಯಸಹಜವಾದ ಮಿಡಿತ ಕಾಣಿಸುವುದು ರಾಕ್ಷಸರ ಪಾಳೆಯದಲ್ಲಿ, ತಾಯಿ ಮಾಲಿನಿಯೊಂದಿಗೆ ಮಹಿಷ ಆಡುವ ಮಾತುಕತೆಯಲ್ಲಿ.

ಭರತನ ನಾಟ್ಯಶಾಸ್ತ್ರ ಇದನ್ನು ಬಹು ಹಿಂದೆಯೇ ವಿಂಗಡಿಸಿಟ್ಟಿದೆ. ವೀರರಸಕ್ಕೆ ಉತ್ಸಾಹ, ಅದ್ಭುತಕ್ಕೆ ವಿಸ್ಮಯ, ಕರುಣಕ್ಕೆ ಶೋಕ ಸ್ಥಾಯಿಭಾವ. ಹಾರುವುದು, ಬೆಟ್ಟ ಎತ್ತುವುದು, ಒಂದೇ ಏಟಿಗೆ ನೂರು ಮಂದಿಯನ್ನು ಉರುಳಿಸುವುದು ಮೊದಲೆರಡನ್ನು ಧಾರಾಳವಾಗಿ ಕೊಡಬಲ್ಲವು. ಮೂರನೆಯದು ಕಳೆದುಕೊಂಡವನಿಲ್ಲದೆ ಹುಟ್ಟದು. ಸೂಪರ್ ಹೀರೋ ಚಿತ್ರಗಳ ಮೂಲ ತೊಡಕು ಇಲ್ಲಿದೆ. ನಾಯಕ ಎಷ್ಟು ಬಲಶಾಲಿಯೋ ಅಷ್ಟರಮಟ್ಟಿಗೆ ಅವನ ಬಗ್ಗೆ ಪ್ರೇಕ್ಷಕನಿಗೆ ಆತಂಕ ಕಡಿಮೆ.

ಕರಾವಳಿಯ ಆಟ, ಕೂಟಗಳಲ್ಲಿ ಜನರ ಮನಸ್ಸನ್ನು ಕಲಕುವ ವೀರರ ಪಟ್ಟಿ ಮಾಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕರ್ಣ, ಅಭಿಮನ್ಯು, ಬಭ್ರುವಾಹನ. ಕರ್ಣನಿಗೆ ಹುಟ್ಟಿನಿಂದಲೇ ಕವಚ ಕುಂಡಲಗಳಿದ್ದವು. ಇಂದಿನ ಚಿತ್ರಗಳ ಭಾಷೆಯಲ್ಲಿ ಹೇಳುವುದಾದರೆ ಅದೇ ಅವನ ಸೂಪರ್ ಪವರ್. ಆದರೆ ಜನ ಅವನನ್ನು ನೆನೆಯುವುದು ಅವು ಇದ್ದುದಕ್ಕಲ್ಲ. ಬ್ರಾಹ್ಮಣ ವೇಷದ ಇಂದ್ರನಿಗೆ ಅವನ್ನು ಕಿತ್ತು ಕೊಟ್ಟದ್ದಕ್ಕೆ. ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ್ದ. ಕಾವ್ಯದ ಹೆಸರಿನಲ್ಲೇ ವಿಜಯ ಅರ್ಜುನನಿಗೆ ಮೀಸಲಾಗಿತ್ತು. ಹಾಗಿದ್ದೂ ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಕರ್ಣನನ್ನು ನೆನೆಯಿರಿ ಎಂಬ ಅರ್ಥದ ಮಾತು ಅವನ ಲೇಖನಿಯಿಂದಲೇ ಬಂತು. ರಾಜನ ಎದುರಿನಲ್ಲಿ ಕವಿ ತೋರಿದ ಈ ಧೈರ್ಯ ಬೇರೆಯೇ ಚರ್ಚೆಗೆ ವಸ್ತು.

ಅಳುವವರಿಗೆ ಸಮಯ ಬೇಕು

ಸೂಪರ್ ಹೀರೋ ಚಿತ್ರಗಳ ವಿಮರ್ಶಕರು ಸಾಮಾನ್ಯವಾಗಿ ಕೊಡುವ ಕಾರಣ ಮತ್ತೊಂದಿದೆ. ಆ ಲೋಕದಲ್ಲಿ ಸಾವು ಶಾಶ್ವತವಲ್ಲ, ಆದುದರಿಂದ ದುಃಖಕ್ಕೆ ಬೆಲೆಯಿಲ್ಲ ಎಂಬುದು ಅವರ ವಾದ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕೊನೆಯಲ್ಲಿ ಥಾನೋಸ್ ಚಿಟಿಕೆ ಹೊಡೆದೊಡನೆ ಅರ್ಧಕ್ಕರ್ಧ ಜೀವಿಗಳು ಧೂಳಾಗಿ ಹೋದರು. ಸ್ಪೈಡರ್‌ಮ್ಯಾನ್, ಬ್ಲ್ಯಾಕ್ ಪ್ಯಾಂಥರ್ ಕೂಡ ಹೋದರು. ಚಿತ್ರಮಂದಿರಗಳು ಒಂದು ಕ್ಷಣ ಸ್ತಬ್ಧವಾದದ್ದು ನಿಜ. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ತೆರೆಗೆ ಬಂದು ಭಾರೀ ಹಣ ಗಳಿಸಿದ್ದ ‘ಬ್ಲ್ಯಾಕ್ ಪ್ಯಾಂಥರ್’ನ ನಾಯಕನನ್ನು ನಿರ್ಮಾಪಕರು ನಿಜಕ್ಕೂ ಕೊಂದುಬಿಡುವರೆಂದು ನಂಬಿದವರು ವಿರಳ.

ವಾದ ಸರಿಯೆನಿಸುತ್ತದೆ. ಆದರೆ ‘ಬಭ್ರುವಾಹನ ಕಾಳಗ’ ಇದನ್ನು ಒಪ್ಪುವುದಿಲ್ಲ. ಅಶ್ವಮೇಧದ ಕುದುರೆಯ ಹಿಂದೆ ಮಣಿಪುರಕ್ಕೆ ಬಂದ ಅರ್ಜುನ, ಕಾಣಿಕೆಯೊಂದಿಗೆ ಕಾಲಿಗೆರಗಲು ಬಂದ ಮಗನನ್ನು ಜರೆಯುತ್ತಾನೆ, ಅವನ ತಾಯಿ ಚಿತ್ರಾಂಗದೆಯ ಶೀಲವನ್ನೇ ಶಂಕಿಸುತ್ತಾನೆ. ಯುದ್ಧದಲ್ಲಿ ಮಗನ ಕೈಯಿಂದಲೇ ತಂದೆ ಸಾಯುತ್ತಾನೆ. ನಾಗಲೋಕದಿಂದ ಸಂಜೀವಕ ಮಣಿ ಬರುತ್ತದೆ, ಅರ್ಜುನ ಎದ್ದು ಕುಳಿತುಕೊಳ್ಳುತ್ತಾನೆ ಎಂಬುದು ಗದ್ದೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಹತ್ತು ಬಾರಿ ನೋಡಿದವರಿಗೂ ಗೊತ್ತು. ಹೀಗಿದ್ದೂ ಚಿತ್ರಾಂಗದೆ ಗಂಡನ ಶವದ ಬಳಿ ಕುಳಿತಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಈ ಭಾಗದಲ್ಲಿ ಕಾಣದವರಾರು? ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಬಂದ ಇದೇ ಕಥೆ 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಅರ್ಜುನ, ಬಭ್ರುವಾಹನ ಎರಡೂ ಪಾತ್ರಗಳಲ್ಲಿ ಡಾ. ರಾಜ್‌ಕುಮಾರ್ ಕಾಣಿಸಿಕೊಂಡರು.

ಹಾಗಾದರೆ ಸತ್ತವನು ಎದ್ದು ಬರುತ್ತಾನೆಂಬ ಅರಿವು ಕಣ್ಣೀರಿಗೆ ಅಡ್ಡಿಯಲ್ಲ. ಸತ್ತವನ ಪಕ್ಕದಲ್ಲಿ ಉಳಿದವರು ಇದ್ದಾರೆಯೇ, ಅವರಿಗೆ ಅಳಲು ಅವಕಾಶವಿದೆಯೇ ಎಂಬುದೇ ಮುಖ್ಯ. ಯಕ್ಷಗಾನ ಈ ಅವಕಾಶವನ್ನು ಉದಾರವಾಗಿ ಕೊಡುತ್ತದೆ. ಯುದ್ಧದ ತನಕ ಮೊಳಗಿದ ಚೆಂಡೆ ಶೋಕದ ಪದ್ಯ ಬಂದಾಗ ಮೌನವಾಗುತ್ತದೆ, ಮದ್ದಳೆ ಮಾತ್ರ ಉಳಿಯುತ್ತದೆ. ಭಾಗವತರು ಲಯವನ್ನು ನಿಧಾನಗೊಳಿಸುತ್ತಾರೆ. ಒಂದು ಪದ್ಯ ಮುಗಿದರೂ ವೇಷಧಾರಿಯ ಮಾತು ಮುಗಿಯುವುದಿಲ್ಲ. ಸಿನಿಮಾದವರಿಗೆ ಇಷ್ಟು ಪುರುಸೊತ್ತಿಲ್ಲ. ಮಾರ್ವೆಲ್ ಚಿತ್ರಗಳಲ್ಲಂತೂ ಗಂಭೀರ ಸನ್ನಿವೇಶದ ಬೆನ್ನಿಗೇ ಒಂದು ನಗೆಮಾತು ಬಂದು ಕೂರುವುದು ರೂಢಿಯಾಗಿಬಿಟ್ಟಿದೆ. ನಾಮಾವಳಿ ಮುಗಿದ ಮೇಲೂ ಮುಂದಿನ ಚಿತ್ರದ ಜಾಹೀರಾತಿನಂಥ ಒಂದು ತುಣುಕು.

ಗೆದ್ದ ಚಿತ್ರಗಳ ಗುಟ್ಟು

ಈ ಅಳತೆಗೋಲಿನಿಂದ ನೋಡಿದರೆ ಗೆದ್ದ ಚಿತ್ರಗಳ ಗುಟ್ಟೂ ತಿಳಿಯುತ್ತದೆ. 1978ರ ‘ಸೂಪರ್‌ಮ್ಯಾನ್’ನಲ್ಲಿ ನಾಯಕನ ಸಾಕುತಂದೆ ಹೃದಯಾಘಾತದಿಂದ ತೀರಿಕೊಳ್ಳುತ್ತಾನೆ. ಏನೆಲ್ಲ ಮಾಡಬಲ್ಲ ಮಗ ಅಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. 2004ರ ‘ಸ್ಪೈಡರ್‌ಮ್ಯಾನ್ 2’ರಲ್ಲಿ ಓಡುವ ರೈಲನ್ನು ತಡೆದು ಪ್ರಜ್ಞೆ ತಪ್ಪಿದ ನಾಯಕನನ್ನು ಪ್ರಯಾಣಿಕರು ಕೈಯಿಂದ ಕೈಗೆ ಎತ್ತಿ ಒಳಗೆ ಮಲಗಿಸುತ್ತಾರೆ. ಮುಖವಾಡ ಕಳಚಿದ ಅವನ ಮುಖ ನೋಡಿ, ಇವನಿನ್ನೂ ಹುಡುಗ ಎಂದು ಬೆರಗಾಗುತ್ತಾರೆ. ರೈಲು ನಿಲ್ಲಿಸಿದ ಸಾಹಸಕ್ಕಿಂತ ಆ ಒಂದು ನಿಮಿಷ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. 2017ರ ‘ಲೋಗನ್’ನಲ್ಲಿ ಗಾಯಗಳು ತಾವಾಗಿಯೇ ಮಾಯುತ್ತಿದ್ದ ವುಲ್ವರಿನ್‌ನ ದೇಹ ಸೋಲುತ್ತ ಬಂದಿದೆ. ಜಗತ್ತಿನ ಅತ್ಯಂತ ಶಕ್ತಿಶಾಲಿ ಮೆದುಳಿನ ಒಡೆಯನಾದ ಅವನ ಗುರುವಿಗೆ ಮುಪ್ಪಿನಲ್ಲಿ ಮೆದುಳಿನದೇ ಕಾಯಿಲೆ. ಔಷಧಿ ಕೊಡುತ್ತ, ಎತ್ತಿ ಮಲಗಿಸುತ್ತ ಒಬ್ಬ ವೃದ್ಧನನ್ನು ನೋಡಿಕೊಳ್ಳುವ ಕಥೆ ಅದು. ಮನೆಯಲ್ಲಿ ಹಿರಿಯರ ಆರೈಕೆ ಮಾಡಿದವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಚಿತ್ರಕ್ಕೆ ರೂಪಾಂತರಿತ ಚಿತ್ರಕಥೆ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನವೂ ದೊರೆಯಿತು.

2019ರ ‘ಅವೆಂಜರ್ಸ್: ಎಂಡ್‌ಗೇಮ್’ ಆ ಸರಣಿಯ 22ನೆಯ ಚಿತ್ರ. 2008ರಲ್ಲಿ ‘ಐರನ್‌ಮ್ಯಾನ್’ ಆಗಿ ಬಂದ ಟೋನಿ ಸ್ಟಾರ್ಕ್‌ನನ್ನು ಪ್ರೇಕ್ಷಕರು 11 ವರ್ಷ ಕಂಡಿದ್ದರು. ಅವನ ಸಾವಿನ ಬಳಿಕ ಕೆರೆಯ ದಂಡೆಯಲ್ಲಿ ಸೇರಿದ ಒಬ್ಬೊಬ್ಬರ ಮುಖದ ಮೇಲೂ ಕ್ಯಾಮೆರಾ ನಿಧಾನವಾಗಿ ಹಾದುಹೋಗುತ್ತದೆ. ಯಾರೂ ನಗೆಮಾತು ಆಡುವುದಿಲ್ಲ. ನಾಮಾವಳಿಯ ಬಳಿಕದ ತುಣುಕೂ ಇಲ್ಲ. ಸುತ್ತಿಗೆಯ ಸದ್ದು ಮಾತ್ರ ಕೇಳಿಸುತ್ತದೆ. ಅಳುವವರಿಗೆ ಸಮಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದವರು ಆ ದಿನಗಳಲ್ಲಿ ಚಿತ್ರಮಂದಿರಗಳಿಂದ ಕೆಂಪು ಕಣ್ಣುಗಳೊಂದಿಗೆ ಹೊರಬಂದವರನ್ನು ನೋಡಿದರೆ ಸಾಕಿತ್ತು.

ಆದರೆ ಆ ಚಿತ್ರ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ರಾಜ್ಯದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಚಿತ್ರರಂಗದಿಂದಲೇ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ನೀಡಿದ ಬಳಿಕವೂ ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. ಹೊಡೆದಾಟಕ್ಕೆ ಭಾಷೆ ಬೇಡ. ದುಃಖಕ್ಕೆ ಬೇಕು. ಮಣಿಪಾಲದ ವಿದ್ಯಾರ್ಥಿಗೆ ತಟ್ಟಿದ್ದು ಕಡಿಯಾಳಿಯ ಅವನ ಅಜ್ಜಿಗೆ ತಟ್ಟದಿದ್ದರೆ ಅದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ.

ನೆರೆಯ ಕೇರಳದಿಂದ 2021ರ ಡಿಸೆಂಬರ್ 24ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಮಿನ್ನಲ್ ಮುರಳಿ’ ಈ ಕೊರತೆಯನ್ನು ತುಂಬಿದ ಚಿತ್ರ. ‘ಮಿಂಚು ಮುರಳಿ’ ಎಂಬ ಹೆಸರಿನಲ್ಲಿ ಕನ್ನಡದ ಮಾತುಗಳೊಂದಿಗೂ ಅದು ಲಭ್ಯವಾಯಿತು. ಬಾಸಿಲ್ ಜೋಸೆಫ್ ನಿರ್ದೇಶನದ ಈ ಚಿತ್ರದಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ಒಬ್ಬ ದರ್ಜಿ ಜೈಸನ್, ನಾಯಕ. ಇನ್ನೊಬ್ಬ ಚಹಾ ಅಂಗಡಿಯ ಶಿಬು, ಊರಿಗೆ ಹುಚ್ಚ. ಪ್ರೇಕ್ಷಕರ ಮನಸ್ಸು ಗೆದ್ದವನು ನಾಯಕನಲ್ಲ. ಬದುಕಿನುದ್ದಕ್ಕೂ ಒಬ್ಬಾಕೆಗಾಗಿ ಕಾದು, ಆಕೆ ಸಿಕ್ಕೊಡನೆಯೇ ಊರಿನ ರೋಷಕ್ಕೆ ಆಕೆಯನ್ನು ಕಳೆದುಕೊಳ್ಳುವ ಶಿಬು. ಗುರು ಸೋಮಸುಂದರಂ ಅವರ ಅಭಿನಯದಲ್ಲಿ ಖಳನಾಯಕ ಹುಟ್ಟುವ ಮೊದಲೇ ಪ್ರೇಕ್ಷಕ ಅವನ ಪಕ್ಷ ವಹಿಸಿಯಾಗಿರುತ್ತದೆ. ಮಾಲಿನಿಯ ಮಗನನ್ನು ಬಲ್ಲ ಕರಾವಳಿಗರಿಗೆ ಇದು ಅಪರಿಚಿತವೇನಲ್ಲ.

‘ಕಾಂತಾರ’ದ ಕೈಗಳು

2022ರ ಸೆಪ್ಟೆಂಬರ್ 30ರಂದು ತೆರೆ ಕಂಡ ‘ಕಾಂತಾರ’ವನ್ನು ಕೆಲವು ಹೊರರಾಜ್ಯದ ವಿಮರ್ಶಕರು ದೇಸಿ ಸೂಪರ್ ಹೀರೋ ಚಿತ್ರವೆಂದು ನೋಡಲು ಯತ್ನಿಸಬಹುದು. ದೈವಗಳನ್ನು ಹಾಗೆ ಕರೆಯುವುದು ತುಳುನಾಡಿನಲ್ಲಿ ಯಾರಿಗೂ ಒಪ್ಪಿಗೆಯಾಗದು, ಅದು ಸರಿಯೂ ಅಲ್ಲ. ಆದರೆ ಮಾನವಶಕ್ತಿಯನ್ನು ಮೀರಿದ ಕ್ಷಣವನ್ನು ತೆರೆಯ ಮೇಲೆ ತರುವ ಕೌಶಲದ ದೃಷ್ಟಿಯಿಂದ ಆ ಚಿತ್ರದ ಅಂತ್ಯ ಗಮನಾರ್ಹ. ಸಾವಿನಂಚಿನಲ್ಲಿದ್ದ ಶಿವನ ಮೈಮೇಲೆ ಗುಳಿಗ ಬಂದು ಶತ್ರುಸಂಹಾರವಾಗುತ್ತದೆ. ಪ್ರೇಕ್ಷಕ ರೋಮಾಂಚನಗೊಳ್ಳುತ್ತಾನೆ. ಬೇರೆ ಚಿತ್ರವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಅದರ ನಂತರ ಕೋಲವಿದೆ. ದೈವ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಮಾತಿಲ್ಲದೆ ಒಂದುಗೂಡಿಸುತ್ತದೆ. ಸಂಹಾರದ ದೃಶ್ಯಕ್ಕೆ ಶಿಳ್ಳೆ ಹೊಡೆದವರು ಮೌನವಾದದ್ದು ಆ ಕೈಗಳನ್ನು ಕಂಡು. ಕೆರಾಡಿಯ ರಿಷಬ್ ಶೆಟ್ಟಿಯವರಿಗೆ ಈ ಚಿತ್ರದ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿ 2024ರಲ್ಲಿ ಘೋಷಣೆಯಾಯಿತು.

ತೆರೆಯ ಹೊರಗಿನ ಸಾವು

ಕಣ್ಣೀರು ಚಿತ್ರದ್ದೇ ಆಗಿರಬೇಕೆಂದಿಲ್ಲ ಎಂಬುದಕ್ಕೂ ಎರಡು ಉದಾಹರಣೆಗಳಿವೆ. ‘ಬ್ಲ್ಯಾಕ್ ಪ್ಯಾಂಥರ್’ ನಾಯಕ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್ 28ರಂದು ಕ್ಯಾನ್ಸರ್‌ನಿಂದ ನಿಧನರಾದರು. 2022ರಲ್ಲಿ ಬಂದ ಎರಡನೆಯ ಭಾಗದಲ್ಲಿ ಅವರ ಪಾತ್ರವೂ ಕಾಯಿಲೆಯಿಂದಲೇ ಸಾಯುತ್ತದೆ. ಚಿಟಿಕೆಯಿಂದ ಧೂಳಾದ ನಾಯಕ ಮರಳಿ ಬಂದಿದ್ದ. ಈ ಬಾರಿ ಬರುವಂತಿರಲಿಲ್ಲ. ಅದರಲ್ಲಿ ತಾಯಿ ರಮೊಂಡಾ ಆಗಿ ಶೋಕವನ್ನು ಹೊತ್ತ ಏಂಜೆಲಾ ಬ್ಯಾಸೆಟ್ ಅವರಿಗೆ ಆಸ್ಕರ್ ನಾಮನಿರ್ದೇಶನ ದೊರೆಯಿತು. ಮಾರ್ವೆಲ್ ಸ್ಟುಡಿಯೋಸ್ ಚಿತ್ರವೊಂದರ ಅಭಿನಯಕ್ಕೆ ಸಿಕ್ಕ ಮೊದಲ ನಾಮನಿರ್ದೇಶನ ಅದು. ಅಷ್ಟೆಲ್ಲ ವೀರರ ನಡುವೆ ಅದು ಸಂದದ್ದು ಮಗನನ್ನು ಕಳೆದುಕೊಂಡ ತಾಯಿಯ ಪಾತ್ರಕ್ಕೆ.

ಕನ್ನಡಿಗರಿಗೆ ಎರಡನೆಯ ಉದಾಹರಣೆ ಹೇಳಬೇಕಾಗಿಯೇ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ, ವರಬಲದಿಂದ ಮೂರು ಲೋಕ ಗೆದ್ದ ಹಿರಣ್ಯಕಶಿಪುವಾಗಿದ್ದ ತಂದೆಯ ಎದುರು ಬರಿಗೈಯಲ್ಲಿ ನಿಂತಿದ್ದ ಬಾಲಕ ಅವರೇ. ಅವರ ಸಾಹಸ ಚಿತ್ರ ‘ಜೇಮ್ಸ್’ 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನವೇ, ರಾಜ್ಯದಾದ್ಯಂತ ತೆರೆ ಕಂಡಿತು. ಸಿನಿಮಾ ಎಂಬ ನೆಲೆಯಲ್ಲಿ ಅದು ಸಾಧಾರಣ ಹೊಡೆದಾಟದ ಚಿತ್ರ. ನಾಯಕ ಅದರಲ್ಲಿ ಯಾರಿಗೂ ಸೋಲುವವನಲ್ಲ. ಪ್ರತಿ ಏಟಿಗೂ ಜೈಕಾರ ಕೂಗಬೇಕಾದಲ್ಲಿ ಜನ ಕಣ್ಣೊರೆಸಿಕೊಂಡರು. ಪುನೀತ್ ಡಬ್ಬಿಂಗ್ ಮುಗಿಸಿರಲಿಲ್ಲವಾದ್ದರಿಂದ ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ಧ್ವನಿ ನೀಡಿದ್ದರು. ಮುಂದೆ ಏಪ್ರಿಲ್‌ನಲ್ಲಿ, ಚಿತ್ರೀಕರಣದ ವೇಳೆ ದಾಖಲಾಗಿದ್ದ ಪುನೀತ್ ಅವರದೇ ಧ್ವನಿಯನ್ನು ತಂತ್ರಜ್ಞಾನದ ನೆರವಿನಿಂದ ಸಂಸ್ಕರಿಸಿ ಅಳವಡಿಸಿದ ಪ್ರತಿಯನ್ನು ಬಿಡುಗಡೆ ಮಾಡಲಾಯಿತು. ಕಥೆ ಅದೇ, ಹೊಡೆದಾಟವೂ ಅದೇ. ಧ್ವನಿ ಮಾತ್ರ ಅವರದಾಗಿತ್ತು.