ಬೆರಳುದ್ದದ ಮೀನು, ರಾಜ್ಯದುದ್ದದ ಜಗಳ

ಉದ್ದ ಒಂದು ಬೆರಳಿನಷ್ಟು. ಮೈ ಅರೆಪಾರದರ್ಶಕ, ಪಕ್ಕೆಯಲ್ಲಿ ಉಕ್ಕಿನ ನೀಲಿ ಹೊಳಪು. ಮೂಗಿನ ಬಳಿ ತಂದರೆ ಮೀನಿನ ವಾಸನೆಗೆ ಬದಲು ಆಗತಾನೇ ಹೆಚ್ಚಿದ ಸೌತೆಕಾಯಿಯ ಪರಿಮಳ! ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ‘ಡೆಲ್ಟಾ ಸ್ಮೆಲ್ಟ್’ ಎಂಬ ಈ ಮೀನನ್ನು ಕಣ್ಣಾರೆ ಕಂಡವರು ಅಲ್ಲೇ ಬಹಳ ಕಡಿಮೆ. ಆದರೂ ಮೂರು ದಶಕಗಳಿಂದ ನ್ಯಾಯಾಲಯ, ಚುನಾವಣಾ ಸಭೆ, ರೈತರ ಮೆರವಣಿಗೆ ಎಲ್ಲ ಕಡೆಯೂ ಅದರ ಮಾತು ಬಂದೇ ಬರುತ್ತದೆ. ‘ಮೀನಿಗಾಗಿ ಮನುಷ್ಯರ ನೀರನ್ನು ಕಡಲಿಗೆ ಚೆಲ್ಲುತ್ತಿದ್ದಾರೆ’ ಎಂಬುದು ಅದರ ಮೇಲಿನ ಆರೋಪ.

ಈ ಆರೋಪದಲ್ಲಿ ಹುರುಳೆಷ್ಟು?

ಕ್ಯಾಲಿಫೋರ್ನಿಯಾದ ಉತ್ತರದಿಂದ ಸ್ಯಾಕ್ರಮೆಂಟೊ ನದಿ, ದಕ್ಷಿಣದಿಂದ ಸ್ಯಾನ್ ವಾಕೀನ್ ನದಿ ಹರಿದುಬಂದು ನೂರಾರು ಕವಲುಗಳ ಜೌಗು ಬಯಲಿನಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ, ಆಮೇಲೆ ಪೆಸಿಫಿಕ್ ಸಾಗರ. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಇಂಥ ಜಾಗವನ್ನೇ ನಮ್ಮ ಕರಾವಳಿಯವರು ‘ಅಳಿವೆ’ ಎನ್ನುವುದು. ಡೆಲ್ಟಾ ಸ್ಮೆಲ್ಟ್ ಹುಟ್ಟಿ, ಬೆಳೆದು, ಸಾಯುವುದು ಈ ಒಂದು ಅಳಿವೆಯಲ್ಲಿ ಮಾತ್ರ. ಪ್ರಪಂಚದಲ್ಲಿ ಬೇರೆಲ್ಲೂ ಅದು ಇಲ್ಲ.

ಇದು ತಜ್ಞರಿಗೂ ತಡವಾಗಿ ತಿಳಿದ ಸಂಗತಿ. ಜಪಾನಿನ ‘ವಾಕಸಾಗಿ’ ಮತ್ತು ಇದು ಒಂದೇ ಜಾತಿಯ ಮೀನೆಂದು ಭಾವಿಸಿ 1959ರಲ್ಲಿ ವಾಕಸಾಗಿಯನ್ನು ತರಿಸಿ ಕ್ಯಾಲಿಫೋರ್ನಿಯಾದ ಜಲಾಶಯಗಳಿಗೆ ಬಿಟ್ಟಿದ್ದರು. ಡೆಲ್ಟಾ ಸ್ಮೆಲ್ಟ್‌ಗೆ ಈಗಿನ ವೈಜ್ಞಾನಿಕ ಹೆಸರಿಟ್ಟದ್ದು 1963ರಲ್ಲಿ; ವಾಕಸಾಗಿಯಿಂದ ಬೇರೆಯಾದ ಪ್ರಭೇದವೆಂದು ಒಪ್ಪಿದ್ದು ಅದಕ್ಕೂ ಆಮೇಲೆ. ಅಷ್ಟರಲ್ಲಿ ಪರದೇಶಿ ದಾಯಾದಿ ಮನೆಯೊಳಗೆ ಬಂದಾಗಿತ್ತು.

ಒಂದೇ ವರ್ಷದ ಬಾಳು

ಈ ಮೀನಿನ ಆಯುಸ್ಸು ಸಾಮಾನ್ಯವಾಗಿ ಒಂದೇ ವರ್ಷ. ವಸಂತದಲ್ಲಿ ಸಿಹಿನೀರಿಗೆ ಬಂದು ಮೊಟ್ಟೆಯಿಡುತ್ತದೆ. ಬಹುಪಾಲು ಮೀನುಗಳು ಅಲ್ಲಿಗೆ ಮುಗಿದವು. ಮರಿಗಳು ಕೆಳಕ್ಕೆ ಸಾಗಿ, ತುಸುವೇ ಉಪ್ಪಾದ ನೀರಿನಲ್ಲಿ ಬೆಳೆಯುತ್ತವೆ. ಆ ಉಪ್ಪು ಸಮುದ್ರದ ಉಪ್ಪಿನ ಆರರಲ್ಲೊಂದು ಪಾಲನ್ನು ಮೀರಿದರೆ ಅಷ್ಟಾಗಿ ಒಗ್ಗದು. ನೀರಿನ ಬಿಸಿ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದರೆ ಜೀವಕ್ಕೇ ಅಪಾಯ. ಹಲವು ವರ್ಷ ಬಾಳುವ ಮೀನು ಒಂದು ಬರಗಾಲವನ್ನು ಹೇಗೋ ದಾಟಿ ಮರುವರ್ಷ ಮರಿಮಾಡಬಹುದು. ಸ್ಮೆಲ್ಟ್‌ಗೆ ಮರುವರ್ಷವೆಂಬುದೇ ಇಲ್ಲ. ಅಳಿವೆಯ ನೀರು ಕೆಟ್ಟರೆ ಮೊದಲು ಸುದ್ದಿ ಮುಟ್ಟಿಸುವುದು ಈ ಮೀನೇ ಎಂದು ಜೀವವಿಜ್ಞಾನಿಗಳು ಹೇಳುವುದು ಇದಕ್ಕೇ.

ಇದಕ್ಕೆ ಬೇಕಾದದ್ದು ತಿಳಿನೀರಲ್ಲ, ಬಗ್ಗಡದ ನೀರು ಎಂಬುದು ಇನ್ನೊಂದು ಸ್ವಾರಸ್ಯ. ಮಣ್ಣು ಬೆರೆತ ನೀರಿನ ಮಸುಕಿನಲ್ಲಿ ಅದು ದೊಡ್ಡ ಮೀನುಗಳ ಕಣ್ಣು ತಪ್ಪಿಸಿಕೊಳ್ಳುತ್ತದೆ. ತಾನು ತಿನ್ನುವ ಸೂಕ್ಷ್ಮ ಜಲಜೀವಿಗಳು ಅದರ ಮರಿಗಳಿಗೆ ಚೆನ್ನಾಗಿ ಕಾಣುವುದೂ ಅಂಥ ನೀರಿನಲ್ಲೇ. ಅಣೆಕಟ್ಟುಗಳು ಮೇಲೆಯೇ ಹೂಳನ್ನು ತಡೆದವು. ಹೊರದೇಶದಿಂದ ಬಂದ ನೀರಕಳೆ ಉಳಿದ ಮಣ್ಣನ್ನೂ ಸೋಸಿಬಿಟ್ಟಿತು. ನೋಡುವವರಿಗೆ ನೀರು ಚೊಕ್ಕಟವಾಯಿತು, ಮೀನಿಗೆ ಮರೆ ತಪ್ಪಿತು.

ಹಿಮ್ಮುಖ ಹರಿದ ಹೊಳೆ

1849ರ ಚಿನ್ನದ ಬೇಟೆಗೆ ಬಂದ ಜನರಲ್ಲಿ ಹಲವರು ಬೇಸಾಯಕ್ಕೆ ಇಳಿದರು. ಒಡ್ಡು ಕಟ್ಟಿ ಜೌಗನ್ನು ಹೊಲವಾಗಿಸಿದರು. ಹಳೆಯ ಜೌಗಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಆಮೇಲೆ ಬಂದದ್ದು ಪಂಪುಗಳ ಕಾಲ. ಮಳೆ ಸುರಿಯುವುದು ಉತ್ತರದಲ್ಲಿ. ಜನ, ಹೊಲ ಹೆಚ್ಚಿರುವುದು ದಕ್ಷಿಣದಲ್ಲಿ. ಹೀಗಾಗಿ 1951ರಲ್ಲಿ ಕೇಂದ್ರ ಸರ್ಕಾರದ ಪಂಪುಗಳೂ, 1960ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಪಂಪುಗಳೂ ಈ ಅಳಿವೆಯ ನೆತ್ತಿಯಿಂದ ನೀರೆತ್ತಿ ದಕ್ಷಿಣಕ್ಕೆ ಸಾಗಿಸತೊಡಗಿದವು. ಇಂದು ಎರಡೂವರೆ ಕೋಟಿಗೂ ಹೆಚ್ಚು ಜನರ ನಲ್ಲಿಗೆ, ಲಕ್ಷಾಂತರ ಎಕರೆ ಹೊಲಗಳಿಗೆ ಇಲ್ಲಿನ ನೀರು ಸೇರುತ್ತದೆ. ಪಂಪುಗಳ ಸೆಳೆತ ಎಷ್ಟೆಂದರೆ ಕೆಲವು ಕವಲುಗಳು ಕಡಲಿನ ಕಡೆ ಹರಿಯುವ ಬದಲು ಪಂಪಿನ ಕಡೆಗೇ ಹಿಮ್ಮುಖವಾಗಿ ಹರಿಯುತ್ತವೆ. ಅವುಗಳೊಂದಿಗೆ ಸ್ಮೆಲ್ಟ್ ಕೂಡ.

ಎಲ್ಲ ತಪ್ಪನ್ನೂ ಪಂಪಿನ ಮೇಲೆ ಹೊರಿಸುವಂತಿಲ್ಲ. 1986ರಲ್ಲಿ ಏಷ್ಯಾದ ಒಂದು ಜಾತಿಯ ಚಿಪ್ಪುಜೀವಿ ಇಲ್ಲಿ ಕಾಣಿಸಿಕೊಂಡಿತು. ಹಡಗುಗಳು ಸಮತೋಲಕ್ಕೆಂದು ತುಂಬಿಕೊಂಡು ಬಂದು ಸುರಿದ ನೀರಿನೊಂದಿಗೆ ಬಂದದ್ದಿರಬೇಕು. ಅಳಿವೆಯ ತಳದಲ್ಲಿ ಹಬ್ಬಿದ ಅದು ಸ್ಮೆಲ್ಟ್‌ನ ಆಹಾರವನ್ನೆಲ್ಲ ಬಾಚಿ ತಿಂದಿತು.

ಕಟಕಟೆಯಲ್ಲಿ ಮೀನು

1993ರಲ್ಲಿ ಅಮೆರಿಕ ಸರ್ಕಾರ ಈ ಮೀನಿಗೆ ಕಾನೂನಿನ ರಕ್ಷಣೆ ಕೊಟ್ಟಿತು. 2007ರಲ್ಲಿ ಫ್ರೆಸ್ನೊದ ನ್ಯಾಯಾಧೀಶ ಆಲಿವರ್ ವ್ಯಾಂಗರ್ ಪಂಪುಗಳಿಗೆ ಕಡಿವಾಣ ಹಾಕಿದರು. ಅದೇ ಸಮಯಕ್ಕೆ ಬರವೂ ಬಂತು. ಹೊಲಗಳು ಪಾಳುಬಿದ್ದವು; ಮೆಂಡೋಟದಂಥ ಊರುಗಳಲ್ಲಿ ಕೂಲಿಕಾರರಿಗೆ ಕೆಲಸ ತಪ್ಪಿತು. 2009ರಲ್ಲಿ ರೈತರೂ ಕೂಲಿಕಾರರೂ ಮೆರವಣಿಗೆ ಹೊರಟರು. ನೀರಿನ ಕೊರತೆಯ ಬಹುಪಾಲು ಬರದಿಂದಲೇ ಆದದ್ದು. ಆದರೆ ಬರವನ್ನು ಬೈದು ಏನು ಪ್ರಯೋಜನ? ಸಿಟ್ಟು ಮೀನಿನ ಮೇಲೆ ತಿರುಗಿತು. ಕೂಲಿ ಕಳೆದುಕೊಂಡವರ ಕಷ್ಟವಂತೂ ಸುಳ್ಳಲ್ಲ.

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗಲೂ ಹಾಗೇ ಆಯಿತು. ಬೆಂಕಿ ನಂದಿಸುವ ನಲ್ಲಿಗಳು ಬತ್ತಿದ್ದಕ್ಕೆ ಈ ‘ಕೆಲಸಕ್ಕೆ ಬಾರದ’ ಮೀನೇ ಕಾರಣವೆಂದು ಡೊನಾಲ್ಡ್ ಟ್ರಂಪ್ ದೂರಿದರು. ಆಗ ದಕ್ಷಿಣದ ದೊಡ್ಡ ಜಲಾಶಯಗಳಲ್ಲಿ ನೀರು ಸಾಕಷ್ಟಿತ್ತು. ಏಕಕಾಲಕ್ಕೆ ಅಷ್ಟೊಂದು ನೀರನ್ನು ಗುಡ್ಡದ ಮೇಲಿನ ಬಡಾವಣೆಗಳಿಗೆ ಏರಿಸುವ ಶಕ್ತಿ ನಗರದ ಕೊಳವೆ ಜಾಲಕ್ಕಿರಲಿಲ್ಲ, ಅಷ್ಟೇ.

ಇನ್ನು ಕಡಲಿಗೆ ‘ಚೆಲ್ಲುವ’ ನೀರಿನ ಮಾತು. ಹೊಳೆಯ ನೀರು ಒತ್ತಿ ಹರಿಯದಿದ್ದರೆ ಭರತದ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ. ಹಾಗೆ ನುಗ್ಗಿದರೆ ಪಂಪುಗಳು ಎತ್ತುವುದು ಉಪ್ಪುನೀರನ್ನೇ. ಅಂದರೆ ಕಡಲಿಗೆ ಹರಿಯುವ ನೀರಿನ ದೊಡ್ಡ ಪಾಲು ಮೀನಿಗೆಂದು ಬಿಟ್ಟದ್ದಲ್ಲ. ರೈತನ ಕಾಲುವೆಯೂ ನಗರದ ನಲ್ಲಿಯೂ ಸಿಹಿಯಾಗಿರಲೆಂದು ಹರಿಯಲೇಬೇಕಾದದ್ದು. ಮೀನು ನಾಳೆ ಇಲ್ಲವಾದರೂ ಆ ನೀರನ್ನು ಹರಿಸಲೇಬೇಕು.

ಮೀನು ಇಲ್ಲವಾಗುವ ಹೊತ್ತು ಹತ್ತಿರದಲ್ಲೇ ಇದೆ. ರಾಜ್ಯದ ಮೀನುಗಾರಿಕಾ ಇಲಾಖೆ 1967ರಿಂದ ಶರತ್ಕಾಲದಲ್ಲಿ ಬಲೆ ಎಳೆದು ಲೆಕ್ಕ ಹಿಡಿಯುತ್ತಿದೆ. 2018ರಿಂದ ಸತತ ಹಲವು ವರ್ಷ ಆ ಬಲೆಗೆ ಒಂದೇ ಒಂದು ಡೆಲ್ಟಾ ಸ್ಮೆಲ್ಟ್ ಬೀಳಲಿಲ್ಲ. ಈಗ ಅದರ ಸಂತತಿ ಮುಖ್ಯವಾಗಿ ಉಳಿದಿರುವುದು ಬೈರನ್ ಎಂಬಲ್ಲಿರುವ ಡೇವಿಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ತೊಟ್ಟಿಗಳಲ್ಲಿ. ರಕ್ತಸಂಬಂಧ ನೋಡಿ, ಯಾವ ಗಂಡಿಗೆ ಯಾವ ಹೆಣ್ಣೆಂದು ಲೆಕ್ಕ ಹಾಕಿ ಅಲ್ಲಿ ಮರಿಮಾಡಿಸುತ್ತಾರೆ. 2021ರ ಡಿಸೆಂಬರಿನಲ್ಲಿ ಹಾಗೆ ಬೆಳೆಸಿದ ಸುಮಾರು 12,800 ಮೀನುಗಳನ್ನು ಮೊದಲ ಬಾರಿಗೆ ಹೊಳೆಗೆ ಬಿಟ್ಟರು. ಆಮೇಲೂ ಬಿಡುತ್ತಾ ಬಂದಿದ್ದಾರೆ.

ತೊಟ್ಟಿಯಲ್ಲಿ ಮೀನು ಬೆಳೆಸುವುದನ್ನು ಮನುಷ್ಯ ಕಲಿತಿದ್ದಾನೆ. ತಂಪಾದ, ತುಸು ಬಗ್ಗಡದ, ತುಸು ಉಪ್ಪಿನ ಅಳಿವೆಯೊಂದನ್ನು ಅದಕ್ಕೆ ಮರಳಿ ಕೊಡುವ ಕೆಲಸ ಬಾಕಿಯಿದೆ.